ಮಾಗಿಯ ಚಳಿಯಲ್ಲಿ ರಾಣಿ ಇರುವೆ

ರಾಣಿ ಇರುವೆಯನ್ನು ಹಿಡಿದು ಗಾಜಿನ ಪ್ರನಾಳದಲ್ಲಿ ಸಾಕುವವರಿಗೆ ಮಾಗಿ ಬಂತೆಂದರೆ ಒಂದೇ ಪ್ರಶ್ನೆ: ಇದನ್ನು ಚಳಿನಿದ್ದೆಗೆ ಹಾಕಬೇಕೇ? ಹಾಕಲೇಬೇಕು, ಫ್ರಿಜ್ಜಿನಲ್ಲಿಡಿ ಎಂದು ಯುರೋಪಿನ ಕೈಪಿಡಿಗಳು ಹೇಳುತ್ತವೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಇರುವೆಗಳಿಗೆ ಆ ಮಾತು ಸಲ್ಲದು.

ಚಳಿನಿದ್ದೆ ಬೇಕಾಗುವುದು ಹಿಮ ಬೀಳುವ ನಾಡಿನ ಜಾತಿಗಳಿಗೆ. ಯುರೋಪಿನ ತೋಟಗಳ ಕಪ್ಪಿರುವೆ ಲೇಸಿಯಸ್ ನೈಜರ್‌ನ ರಾಣಿ ಬೇಸಿಗೆಯಲ್ಲಿ ಹಾರಿ, ಜೊತೆಗೂಡಿ, ಚಳಿಗಾಲವಿಡೀ ಮಣ್ಣಿನಾಳದಲ್ಲಿ ಮೊಟ್ಟೆಯಿಡದೆ ಕಳೆಯುತ್ತದೆ. ಸಾಕುವವರು ಅದನ್ನು 5ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ತಿಂಗಳು ಇಡುತ್ತಾರೆ. ಈ ಜಾತಿಯ ಒಂದು ರಾಣಿ ಪ್ರಯೋಗಾಲಯದಲ್ಲಿ 28 ವರ್ಷಕ್ಕೂ ಹೆಚ್ಚು ಬದುಕಿದ್ದುಂಟು.

ಹಾಸನ ಜಿಲ್ಲೆಯ ಜನವರಿ ಬೇರೆಯೇ. ಬೆಳಗಿನ ಜಾವ ಉಷ್ಣಾಂಶ 14 ಡಿಗ್ರಿಯ ಆಸುಪಾಸಿಗೆ ಇಳಿದರೂ ಮಧ್ಯಾಹ್ನ 27-28ಕ್ಕೆ ಏರುತ್ತದೆ. ಅರಸೀಕೆರೆ ಕಡೆ ರಾಗಿ ಕಣದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಸಾಕು. ಮಂಜು ಇರುವವರೆಗೆ ಗೂಡಿನ ಬಾಯಿ ಖಾಲಿ. ಬಿಸಿಲು ನೆಲಕ್ಕೆ ತಾಗಿದ ಮೇಲೆ ಕಾಳು ಹೊತ್ತ ಇರುವೆಗಳ ಸಾಲು ಶುರು. ಗೂಡಿನ ಸುತ್ತ ಹೊಟ್ಟಿನ ಬಳೆ ದಿನೇ ದಿನೇ ದಪ್ಪಗಾಗುತ್ತದೆ. ಬೇಲೂರು ತಾಲ್ಲೂಕಿನ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವುದೂ ಇದೇ ಚಳಿಯಲ್ಲಿ, ಚಗಳಿ ಇರುವೆ ಕಚ್ಚುವುದೂ ಇದೇ ಚಳಿಯಲ್ಲಿ. ಇಲ್ಲಿನ ಇರುವೆ ನಿದ್ದೆ ಹೋಗುವುದಿಲ್ಲ, ನಿಧಾನಿಸುತ್ತದೆ ಅಷ್ಟೇ.

ಸಾಕುವವರ ಕೈಗೆ ಸುಲಭವಾಗಿ ಸಿಗುವುದು ಮರಗಳ ಬುಡದಲ್ಲಿ ಗೂಡು ಮಾಡುವ ಗೊದ್ದ. ಕ್ಯಾಂಪೊನೋಟಸ್ ಕಂಪ್ರೆಸಸ್ ಎಂಬುದು ಇದರ ಶಾಸ್ತ್ರೀಯ ಹೆಸರು. ಮಳೆ ಬಿದ್ದ ಮೇಲೆ ಹಾರಿದ ರಾಣಿ ನೆಲಕ್ಕಿಳಿದು ರೆಕ್ಕೆ ಕಳಚಿಕೊಂಡು, ಮಣ್ಣು ಕೊರೆದು ಒಳಗಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಊಟವಿಲ್ಲ. ಇನ್ನು ಬೇಡವಾದ ಹಾರಾಟದ ಸ್ನಾಯುಗಳೇ ಕರಗಿ ಆಹಾರವಾಗುತ್ತವೆ. ಮರಿಹುಳುಗಳಿಗೂ ಅದರಿಂದಲೇ ತುತ್ತು. ಒಮ್ಮೆ ಕೂಡಿಟ್ಟುಕೊಂಡ ವೀರ್ಯ ಜೀವಮಾನಕ್ಕೆಲ್ಲ ಸಾಲುತ್ತದೆ. ಮುಂಗಾರಿನಲ್ಲಿ ಸಿಕ್ಕ ರಾಣಿಗೆ ಮಾಗಿಯ ಹೊತ್ತಿಗೆ ಕೆಲಸಗಾರ ಇರುವೆಗಳು ಹುಟ್ಟಿರುತ್ತವೆ. ಕಷ್ಟವಿರುವುದು ಮಳೆಗಾಲದ ಕೊನೆಗೆ ಸಿಕ್ಕ, ನಾಲ್ಕಾರು ಮೊಟ್ಟೆಯಷ್ಟೇ ಇಟ್ಟ ರಾಣಿಗೆ. ಚಳಿಗೆ ಮರಿಗಳ ಬೆಳವಣಿಗೆ ಕುಂಟಿದರೆ ಮೈಯೊಳಗಿನ ದಾಸ್ತಾನು ಅಷ್ಟು ದಿನ ಹೆಚ್ಚು ಬಾಳಬೇಕು. ಫ್ರಿಜ್ಜಿನ 4-5 ಡಿಗ್ರಿ ಅಂಥದ್ದನ್ನು ಮಲಗಿಸುವುದಿಲ್ಲ, ಕೊಲ್ಲುತ್ತದೆ.

ಪ್ರನಾಳದ ತಳದಲ್ಲಿ ನೀರು, ಅದರ ಮೇಲೆ ಬಿಗಿಯಾಗಿ ತುರುಕಿದ ಹತ್ತಿ, ನಡುವೆ ರಾಣಿ, ಬಾಯಿಗೆ ಒಣ ಹತ್ತಿ. ಏರ್ಪಾಡು ಇಷ್ಟೇ. ಈ ಸೀಮೆಯ ಮಾಗಿಯಲ್ಲಿ ಇದನ್ನು ಕೆಡಿಸುವುದು ಚಳಿಗಿಂತ ಹೆಚ್ಚಾಗಿ ಹಗಲು-ರಾತ್ರಿಯ ಏರುಪೇರು. ಕಿಟಕಿಯ ಪಕ್ಕ ಇಟ್ಟ ಪ್ರನಾಳಕ್ಕೆ ಬಿಸಿಲು ಬಿದ್ದರೆ ನೀರಿನ ಹಿಂದೆ ಸಿಕ್ಕಿಕೊಂಡ ಗಾಳಿಗುಳ್ಳೆ ಹಿಗ್ಗಿ ನೀರನ್ನು ಹತ್ತಿಯ ಮೂಲಕ ಹೊರದೂಡುತ್ತದೆ, ಮೊಟ್ಟೆಗಳು ತೇಲುತ್ತವೆ. ರಾತ್ರಿ ಗಾಜಿನ ಒಳಮೈಗೆ ಕಟ್ಟುವ ಹನಿಗಳದೂ ಅದೇ ಕಾಟ. ಬಟ್ಟೆಯಲ್ಲಿ ಸುತ್ತಿ ಥರ್ಮೊಕೋಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒಳಗೋಡೆಯ ಕಪಾಟಿನ ಮೇಲ್ತಟ್ಟಿಗೆ ಸೇರಿಸಿದರೆ 20ರಿಂದ 25 ಡಿಗ್ರಿಯ ಸಮ ಬಿಸಿ ತಕ್ಕಮಟ್ಟಿಗೆ ಸಿಗುತ್ತದೆ. ತಣ್ಣನೆಯ ರೆಡ್ ಆಕ್ಸೈಡ್ ನೆಲದ ಮೇಲಂತೂ ಇಡಬಾರದು. ಬಿಸಿನೀರಿನ ಬಾಟಲಿ, ಬಲ್ಬಿನ ಶಾಖ ಅತಿಯಾದ ಉಪಚಾರ.

ಬೆಳಕು ಬೇಡ, ಅಲುಗಾಟ ಬೇಡ. ದಿನಕ್ಕೆ ನಾಲ್ಕು ಸಲ ತೆಗೆದು ನೋಡಿದರೆ ಹೆದರಿದ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಹಾಕುವುದುಂಟು; ವಾರಕ್ಕೊಮ್ಮೆ ನೋಡಿದರೆ ಧಾರಾಳ. ಚಳಿ ಬೆಳಗುಗಳಲ್ಲಿ ಅದು ಕಾಲು ಮಡಚಿ ಮೊಟ್ಟೆಗುಪ್ಪೆಯ ಮೇಲೆ ಕದಲದೆ ಕೂತಿರುತ್ತದೆ. ಸತ್ತಿತೆಂದು ಎಸೆಯುವ ಮೊದಲು ಮಧ್ಯಾಹ್ನದವರೆಗೆ ಕಾಯಬೇಕು: ಮೀಸೆ ಆಡಿದರೆ ಜೀವವಿದೆ. ಅದೇ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿದರೆ ಈ ಜತನವೆಲ್ಲ ವ್ಯರ್ಥ. ಬತ್ತಿಯಲ್ಲೂ ಇರುವೆ ಸೀಮೆಸುಣ್ಣದಲ್ಲೂ ಇರುವುದು ಕೀಟ ಕೊಲ್ಲುವ ಮದ್ದೇ.

ಮೊದಲ ಕೆಲಸಗಾರ ಇರುವೆಗಳು ಕುಳ್ಳಗೆ, ಬಣ್ಣಗೆಟ್ಟಂತೆ ಹುಟ್ಟುತ್ತವೆ. ಅವು ಓಡಾಡತೊಡಗಿದ ದಿನ ಒಂದು ಹನಿ ಸಕ್ಕರೆ ನೀರು, ಆಗಷ್ಟೇ ಸತ್ತ ಸೊಳ್ಳೆಯೋ ನೊಣವೋ ಒಂದು, ಅಷ್ಟು ಸಾಕು. ಮದ್ದು ಹೊಡೆದು ಕೊಂದದ್ದು ಮಾತ್ರ ಆಗದು.

ಇರುವೆ ಸಾಕುವ ಈ ಹವ್ಯಾಸ ದುಡ್ಡಿನ ವ್ಯಾಪಾರವಾಗಿಯೂ ಬೆಳೆದಿದೆ. 2025ರಲ್ಲಿ ಕೀನ್ಯಾದಲ್ಲಿ ಸುಮಾರು 5,000 ರಾಣಿ ಇರುವೆಗಳನ್ನು ಪ್ರನಾಳಗಳಲ್ಲಿ ತುಂಬಿಟ್ಟುಕೊಂಡಿದ್ದ ಇಬ್ಬರು ಬೆಲ್ಜಿಯಂ ಹುಡುಗರಿಗೆ ನ್ಯಾಯಾಲಯ ದಂಡ ಹಾಕಿತು. ಇಲ್ಲಿ ಹವ್ಯಾಸಕ್ಕೆ ಹಿಡಿಯುವವರು ಒಂದೆರಡಕ್ಕೆ ನಿಲ್ಲಿಸಿದರೆ ಒಳ್ಳೆಯದು. ಬೇಲೂರು, ಹಳೇಬೀಡಿನ ಗುಡಿಗಳ ಆವರಣ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲಿ ಇರುವೆಗಾಗಿ ಮಣ್ಣು ಕೆದಕಬೇಡಿ. ಸಾಕಲು ಆಗದಿದ್ದರೆ ಚಳಿ ಕಳೆದ ಮೇಲೆ, ನೆಲ ಹಸಿಯಿರುವ ದಿನ ನೋಡಿ, ಹಿಡಿದ ಜಾಗದಲ್ಲೇ ಬಿಟ್ಟುಬಿಡಿ.