ಮೆಕ್ಕೆಕಟ್ಟಿನ ಮರದ ಕಾವಲುಪಡೆ

ಉಡುಪಿ ಜಿಲ್ಲೆಯ ಶಿರಿಯಾರ ಗ್ರಾಮದ ಮೆಕ್ಕೆಕಟ್ಟು ನಂದಿಕೇಶ್ವರ ಸನ್ನಿಧಿ ಹೆಸರಾಗಿರುವುದು ಅಲ್ಲಿನ ಮರದ ವಿಗ್ರಹಗಳಿಂದ. ಪ್ರಧಾನ ದೈವ ನಂದಿಕೇಶ್ವರ. ಅವನ ಪರಿವಾರವಾಗಿ ನೂರಕ್ಕೂ ಹೆಚ್ಚು ಗಣಗಳು ಸಾಲುಗಟ್ಟಿ ನಿಂತಿವೆ. ಮೈತುಂಬ ಕೆಂಪು ಬಣ್ಣ, ಹೊರಚಾಚಿದ ಕಣ್ಣು, ಕೋರೆಹಲ್ಲು. ಕೆಲವು ಆಳೆತ್ತರ, ಕೆಲವು ಅದಕ್ಕೂ ದೊಡ್ಡವು.

ಕಲ್ಲಿನ ಗುಡಿಗಳಲ್ಲಿ ಕಾವಲಿನ ಕೆಲಸ ಬಾಗಿಲ ಇಕ್ಕೆಲಗಳ ದ್ವಾರಪಾಲಕರದು. ಹೊಯ್ಸಳ ಗುಡಿಗಳ ದ್ವಾರಪಾಲಕರು ಎಷ್ಟೇ ಅಲಂಕಾರ ಹೊತ್ತಿದ್ದರೂ ಅವರ ಅಧಿಕಾರ ಗರ್ಭಗುಡಿಯ ಹೊಸ್ತಿಲಿಗೆ ಸೀಮಿತ. ಕರಾವಳಿಯ ದೈವಗಳ ವ್ಯಾಪ್ತಿ ಇದಕ್ಕಿಂತ ದೊಡ್ಡದು: ಗದ್ದೆ, ದನಕರು, ಮನೆತನ, ಊರಿನ ಗಡಿ, ಕೊನೆಗೆ ನ್ಯಾಯತೀರ್ಮಾನವೂ ಅವುಗಳಿಗೇ ಸೇರಿದ್ದು. ಹಂದಿಮೊಗದ ಪಂಜುರ್ಲಿ ಬೆಳೆಯನ್ನು ಕಾಯುತ್ತದೆ, ಬೊಬ್ಬರ್ಯ ಕಡಲಿಗಿಳಿದವರನ್ನು ಕಾಯುತ್ತಾನೆ. ಊರಿನ ಬದುಕಿಗೆ ಏನೇನು ಅಪಾಯ ಬರಬಹುದೋ ಅದಕ್ಕೆಲ್ಲ ಇಲ್ಲೊಬ್ಬ ಕಾವಲುಗಾರ ಇದ್ದಾನೆ ಎನ್ನಬಹುದು.

ಸೀತಾ ನದಿಯಿಂದ ಉತ್ತರಕ್ಕೆ ತುಳುವಿನ ಬದಲು ಕುಂದಾಪುರ ಕನ್ನಡ ಕೇಳಿಬರುತ್ತದೆ. ಮಾತು ಬದಲಾದರೂ ದೈವಾರಾಧನೆ ಮುಂದುವರಿಯುತ್ತದೆ. ಕೋಲವೆಂಬ ದೈವನರ್ತನ, ದರ್ಶನ, ದೈವ ಮೈಮೇಲೆ ಬಂದ ಪಾತ್ರಿಯ ನುಡಿ ಎರಡೂ ದಡಗಳಲ್ಲಿ ಉಂಟು. ಆಳುಪರ ರಾಜಧಾನಿಯಾಗಿ, ಆಮೇಲೆ ವಿಜಯನಗರದ ಪ್ರಾಂತೀಯ ಕೇಂದ್ರವಾಗಿ ಮೆರೆದ ಬಾರ್ಕೂರು ಮೆಕ್ಕೆಕಟ್ಟಿಗೆ ಹತ್ತಿರವೇ ಇದೆ. ಅರಸರು ಕಲ್ಲಿನಲ್ಲಿ ಕಟ್ಟಿಸಿದ ನಾಡಿನಲ್ಲೇ ಊರವರು ಮರದಲ್ಲಿ ಕೆತ್ತಿಸಿದರು.

ವಿಗ್ರಹಗಳಿಗೆ ಒಗ್ಗುವ ಮರ ಹಲಸು. ಹಿತ್ತಿಲಲ್ಲೇ ಬೆಳೆಯುವ ಈ ಮರದ ಹಳದಿ ತಿರುಳಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಉಳಿಯ ಪೆಟ್ಟಿಗೂ ಅದು ಚೆನ್ನಾಗಿ ಒಗ್ಗುತ್ತದೆ. ದೊಡ್ಡ ವಿಗ್ರಹವಾದರೆ ಮುಂಡವನ್ನು ದಿಮ್ಮಿಯಿಂದ ಬಿಡಿಸಿ, ಕೈಗಳನ್ನು ಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ಆಚಾರಿಗಳ ಗಮನವೆಲ್ಲ ಮುಖದ ಮೇಲೆ. ಕಾಲು, ನಡು ಕಂಬದಂತೆ ನೆಟ್ಟಗಿರುತ್ತವೆ. ಹುಬ್ಬು, ಮೀಸೆ, ಕಿರೀಟಗಳಲ್ಲಿ ಮಾತ್ರ ಕೈಚಳಕವೆಲ್ಲ ಸುರಿದಿರುತ್ತದೆ. ಶಿಲ್ಪಶಾಸ್ತ್ರದ ಅಳತೆ ಹಿಡಿದು ಇದನ್ನು ಒರಟು ಕೆಲಸ ಎಂದವರು ದೀಪದ ಬೆಳಕಿನಲ್ಲಿ ಇವುಗಳ ಎದುರು ನಿಂತಿರಲಾರರು. ದೂರದಿಂದ, ಅರೆಗತ್ತಲಲ್ಲಿ, ಭಯಭಕ್ತಿಯಿಂದ ನೋಡಲೆಂದೇ ಮಾಡಿದ ಮುಖಗಳಿವು.

ಎಷ್ಟೇ ಗಟ್ಟಿಯಾದರೂ ಮರ ಮರವೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಅದು ಶಾಶ್ವತವಾಗಿ ಉಳಿಯದು. ಸಂಪ್ರದಾಯಕ್ಕೆ ಇದರ ಅರಿವಿದೆ. ಜೀರ್ಣವಾದ ವಿಗ್ರಹದಿಂದ ದೈವದ ಸಾನ್ನಿಧ್ಯವನ್ನು ಹೊಸದಕ್ಕೆ ಸಾಗಿಸಿದ ಮೇಲೆ ಹಳೆಯದು ಬರೀ ಮರ. ಪುರಿಯ ಜಗನ್ನಾಥನಿಗೂ ಬೇವಿನ ಮರದ ಹೊಸ ಮೈ ಬರುವುದು ಇದೇ ನಂಬಿಕೆಯಿಂದ. ಅಲ್ಲಿ 2015ರಲ್ಲಿ ನವಕಲೇವರ ನಡೆಯಿತು.

ಮೆಕ್ಕೆಕಟ್ಟಿನಲ್ಲಿ 1960ರ ದಶಕದ ಜೀರ್ಣೋದ್ಧಾರದ ಕಾಲಕ್ಕೆ ಹಳೆಯ ವಿಗ್ರಹಗಳು ತೆರವಾಗಿ ಹೊಸವು ಬಂದವು. ತೆರವಾದವುಗಳಲ್ಲಿ ಹಲವು ದೆಹಲಿಯ ರಾಷ್ಟ್ರೀಯ ಕರಕುಶಲ ಮತ್ತು ಕೈಮಗ್ಗ ವಸ್ತುಸಂಗ್ರಹಾಲಯ ಸೇರಿದವು. ಅಲ್ಲಿನ ಭೂತ, ಅಂದರೆ ದೈವ, ವಿಗ್ರಹಗಳ ವಿಭಾಗ ದೇಶದ ಮರಗೆತ್ತನೆಯ ಮುಖ್ಯ ಸಂಗ್ರಹಗಳಲ್ಲೊಂದು. ಬಣ್ಣ ಮಾಸಿ, ನಾರು ಎದ್ದು ಕಾಣುವ ಅವುಗಳ ಎದುರು ಕಲಾವಿದರು ಗಂಟೆಗಟ್ಟಲೆ ನಿಲ್ಲುತ್ತಾರೆ. ಊರಿನ ಭಕ್ತರಿಗೆ ಬೇಕಾದದ್ದು ಥಳಥಳ ಹೊಳೆಯುವ ಹೊಸವು. ಕೆತ್ತನೆಯ ಹದ ಹಳೆಯವುಗಳಲ್ಲೇ ಹೆಚ್ಚು ಎಂಬುದು ನಿಜ. ಆದರೆ ಹರಕೆ ಹೊತ್ತು ಬಂದವರು ಕೆತ್ತನೆಯ ಹದ ನೋಡಲು ಬಂದವರಲ್ಲವಲ್ಲ.

ಉಡುಪಿ ಕಡೆಯಿಂದ ಹೊರಟವರು ಬ್ರಹ್ಮಾವರದಲ್ಲಿ ಹೆದ್ದಾರಿ ಬಿಟ್ಟು, ಬಾರ್ಕೂರು ದಾಟಿ ಶಿರಿಯಾರದತ್ತ ಸಾಗಬೇಕು.