ಅತಿಥಿ ಶಿಕ್ಷಕರ ಗೌರವಧನ: ತಿಂಗಳಿಗೆ ಎಷ್ಟು, ಕೈಗೆ ಬರೋದು ಯಾವಾಗ?

ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಕೆಲವು 'ಮೇಷ್ಟ್ರು', 'ಟೀಚರ್' ಲೆಕ್ಕಗಳು ಮೂರ್ನಾಲ್ಕು ತಿಂಗಳು ಬೆಳೀತಾ ಹೋಗಿ, ಒಂದಿನ ಒಟ್ಟಿಗೆ ಚುಕ್ತಾ ಆಗುತ್ತವೆ. ಮೇಷ್ಟ್ರಿಗೂ ಸಾಲವಾ ಅಂತ ಅಂಗಡಿಯವರು ನಗಬಹುದು. ಅವರು ಕಾಯಂ ಶಿಕ್ಷಕರಲ್ಲ, ಅತಿಥಿ ಶಿಕ್ಷಕರು.

ಸರ್ಕಾರಿ ಶಾಲೆಯಲ್ಲಿ ಹುದ್ದೆ ಖಾಲಿ ಇದ್ದಾಗ ಆ ಶೈಕ್ಷಣಿಕ ವರ್ಷದ ಮಟ್ಟಿಗೆ ಇವರನ್ನು ತಗೊಳ್ತಾರೆ. ಡಿ.ಇಡಿ, ಬಿ.ಇಡಿ ಓದಿದವರೇ. ವರ್ಗಾವಣೆಯಲ್ಲೋ ಹೊಸ ನೇಮಕಾತಿಯಲ್ಲೋ ಕಾಯಂ ಶಿಕ್ಷಕರು ಬಂದರೆ ಇವರು ವರ್ಷದ ನಡುವೆಯೇ ಜಾಗ ಬಿಡಬೇಕು.

ಇವರಿಗೆ ಕೊಡೋದು ಸಂಬಳ ಅಲ್ಲ, 'ಗೌರವಧನ'. ಹೆಸರಲ್ಲೇನಿದೆ ಅನ್ನಬೇಡಿ, ಎಲ್ಲಾ ಇರೋದು ಅಲ್ಲೇ. ಸಂಬಳ ಅಂದರೆ ವೇತನ ಶ್ರೇಣಿ, ತುಟ್ಟಿಭತ್ಯೆ, ವರ್ಷಕ್ಕೊಂದು ಇನ್‌ಕ್ರಿಮೆಂಟ್ ಇರುತ್ತೆ. ಗೌರವಧನಕ್ಕೆ ಅದ್ಯಾವುದೂ ಇಲ್ಲ. ಹತ್ತು ವರ್ಷ ಪಾಠ ಮಾಡಿದವರಿಗೂ ಈ ವರ್ಷ ಸೇರಿದವರಿಗೂ ಒಂದೇ ಮೊತ್ತ.

2022ರಲ್ಲಿ ಪ್ರಾಥಮಿಕ ಶಾಲೆಯವರಿಗೆ 7,500 ಇದ್ದದ್ದು 10,000 ರೂಪಾಯಿ ಆಯಿತು, ಪ್ರೌಢಶಾಲೆಯವರಿಗೆ 10,500. 2025-26ರ ಬಜೆಟ್‌ನಲ್ಲಿ ಮತ್ತೆ 2,000 ಏರಿಸಿದ್ದರಿಂದ 12,000 ಮತ್ತು 12,500 ಆಗಿದೆ. ತಿಂಗಳಿಗೆ 26 ದಿನ ಅಂತ ಹಿಡಿದರೆ ಪ್ರಾಥಮಿಕ ಶಾಲೆಯವರಿಗೆ ದಿನಕ್ಕೆ ಸುಮಾರು 460 ರೂಪಾಯಿ. ಅದೇ ವರ್ಷ ನರೇಗಾ ಕೂಲಿ ದಿನಕ್ಕೆ 370. ಹೊಸದಾಗಿ ಸೇರುವ ಕಾಯಂ ಪ್ರಾಥಮಿಕ ಶಿಕ್ಷಕರ ಮೂಲ ವೇತನವೇ 7ನೇ ವೇತನ ಆಯೋಗದ ನಂತರ 41,300. ಕಾಯಂನವರು ಪರೀಕ್ಷೆ ಬರೆದು ಬಂದವರು ನಿಜ. ಆದರೆ ಕ್ಲಾಸು, ಮಕ್ಕಳು, ಸಿಲಬಸ್ ಬೇರೆ ಅಲ್ಲವಲ್ಲ.

ಏಪ್ರಿಲ್, ಮೇ ತಿಂಗಳಿಗೆ ಗೌರವಧನ ಇಲ್ಲ. ಹತ್ತು ತಿಂಗಳು ಪೂರ್ತಿ ಸಿಕ್ಕರೂ ವರ್ಷಕ್ಕೆ 1,20,000. ಹನ್ನೆರಡು ತಿಂಗಳಿಗೆ ಹಂಚಿದರೆ ಮತ್ತೆ ಅದೇ 10,000!

ತಡ ಆಗೋದಕ್ಕೆ ಕಾರಣ ಅನುದಾನ ಬರುವ ರೀತಿ. ಕಾಯಂನವರ ಸಂಬಳದ ಹಾಗೆ ಇದು ತಿಂಗಳು ತಿಂಗಳು ಬರಲ್ಲ, ಕಂತಿನಲ್ಲಿ ಬಿಡುಗಡೆ ಆಗುತ್ತೆ. ಮುಖ್ಯಶಿಕ್ಷಕರು ಹಾಜರಾತಿ ದೃಢೀಕರಿಸಿ ಕಳಿಸಬೇಕು, ತಾಲೂಕು ಮಟ್ಟದಲ್ಲಿ ಬಿಲ್ ಆಗಬೇಕು. ಒಂದು ಕಡೆ ಕಾಗದ ನಿಂತರೆ ಹಣವೂ ನಿಂತಿತು.

ಕೆಲಸ ಮಾತ್ರ ನಿಲ್ಲಲ್ಲ. ಹಾಲು, ಮೊಟ್ಟೆ, ಬಿಸಿಯೂಟ ನೋಡ್ಕೋಬೇಕು. ಕಾಯಂ ಶಿಕ್ಷಕರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಇಬ್ಬರೇ ಇರುವ ಶಾಲೆಯಲ್ಲಿ ಐದೂ ತರಗತಿ ಅತಿಥಿ ಶಿಕ್ಷಕರ ತಲೆ ಮೇಲೆ. ಸಂಜೆ ಟ್ಯೂಷನ್ ಹೇಳಿಯೋ ಅಂಗಡಿಯಲ್ಲಿ ಲೆಕ್ಕ ಬರೆದೋ ಸಂಸಾರ ತೂಗಿಸುವವರೂ ಇದ್ದಾರೆ.

ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತೆ ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಪಂಜಾಬ್ ಸರ್ಕಾರದ ಪ್ರಕರಣದಲ್ಲಿ ಹೇಳಿದೆ. ಅದು ಹಳ್ಳಿ ಶಾಲೆಯ ಅತಿಥಿ ಶಿಕ್ಷಕರ ತನಕ ಇನ್ನೂ ಬಂದಿಲ್ಲ.

ಪೋಷಕರು ಮಾಡಬಹುದಾದ ಕೆಲಸ ಒಂದಿದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಶಾಲೆಯ ಅತಿಥಿ ಶಿಕ್ಷಕರಿಗೆ ಯಾವ ತಿಂಗಳ ತನಕ ಹಣ ಬಂದಿದೆ? ಹಾಜರಾತಿ ಬಿಇಒ ಕಚೇರಿಗೆ ಯಾವತ್ತು ಹೋಯ್ತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.