ಕಲ್ಲುರಾಶಿಯೇ ನಕಾಶೆಯಾದಾಗ

1945ರ ಫೆಬ್ರವರಿ 13ರ ರಾತ್ರಿ ಜರ್ಮನಿಯ ಡ್ರೆಸ್ಡೆನ್ ನಗರದ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಸುರಿದವು. ಊರೆಲ್ಲ ಹೊತ್ತಿ ಉರಿದರೂ ನಡುವಿನ ಫ್ರೌಯೆನ್‌ಕಿರ್ಖೆ ಚರ್ಚಿನ ಕಲ್ಲಿನ ಗುಮ್ಮಟ ನಿಂತೇ ಇತ್ತು. ಅದು ಕುಸಿದದ್ದು 15ರ ಬೆಳಿಗ್ಗೆ, ಬೆಂಕಿಯ ಕಾವಿಗೆ.

ಚರ್ಚು ಮರಳುಗಲ್ಲಿನದು. ಮರಳುಗಲ್ಲಿನಲ್ಲಿ ಹೆಚ್ಚಿನ ಪಾಲು ಕ್ವಾರ್ಟ್ಸ್ ಹರಳುಗಳು. ಕಾವೇರಿದಂತೆ ಅವು ಹಿಗ್ಗುತ್ತವೆ. 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹರಳಿನ ಒಳರಚನೆಯೇ ಬದಲಾಗಿ ಗಾತ್ರ ಒಮ್ಮೆಲೇ ಹೆಚ್ಚುತ್ತದೆ. ಕಲ್ಲಿನೊಳಕ್ಕೆ ಶಾಖ ನಿಧಾನವಾಗಿ ಇಳಿಯುವುದರಿಂದ ಹೊರಮೈ ಹಿಗ್ಗಿದರೂ ಒಳಭಾಗ ಹಿಗ್ಗದು. ಈ ಎಳೆದಾಟಕ್ಕೆ ಕಲ್ಲು ಬಿರಿದು ಚಕ್ಕೆಯೇಳುತ್ತದೆ. ಹೀಗೆ ಸೋತ ಕಂಬಗಳಿಗೆ ಸುಮಾರು 12,000 ಟನ್ ತೂಕದ ಗುಮ್ಮಟವನ್ನು ಹೊರಲಾಗಲಿಲ್ಲ.

ಪೂರ್ವ ಜರ್ಮನಿಯ ಕಾಲದಲ್ಲಿ ಕುಸಿದ ಚರ್ಚಿನ ಕಲ್ಲುರಾಶಿ ಯುದ್ಧದ ಸ್ಮಾರಕವಾಗಿ ಹಾಗೆಯೇ ಉಳಿಯಿತು. ಚರ್ಚನ್ನು ಮತ್ತೆ ಕಟ್ಟಲೆಂದು 1993ರಲ್ಲಿ ಅದನ್ನು ಬಿಡಿಸಲು ಹೊರಟವರು ಉತ್ಖನನದ ಶಿಸ್ತು ಪಾಲಿಸಿದರು. ಕಟ್ಟಡ ಕುಸಿಯುವುದಕ್ಕೂ ಒಂದು ಕ್ರಮವಿದೆ. ಕಲ್ಲು ಬಿದ್ದ ಜಾಗ ಅದು ಇದ್ದ ಜಾಗವನ್ನು ಸೂಚಿಸುತ್ತದೆ. ಆದ್ದರಿಂದ ಮುಖ್ಯವಾದ ಒಂದೊಂದು ಕಲ್ಲಿನ ಸ್ಥಾನವನ್ನೂ ದಾಖಲಿಸಿ, ಅಳೆದು, ಹಳೆಯ ಚಿತ್ರಗಳೊಂದಿಗೆ ತಾಳೆ ನೋಡಿದರು. ಗುರುತು ಸಿಕ್ಕಿದ, ಗಟ್ಟಿಯಾಗಿ ಉಳಿದಿದ್ದ ಸಾವಿರಾರು ಕಲ್ಲುಗಳು ಗೋಡೆಗೆ ಮರಳಿದವು.

ಮರುನಿರ್ಮಾಣದಲ್ಲಿ ಹಳೆಯ ದೋಷವನ್ನೂ ತಿದ್ದಿದರು. ಹದಿನೆಂಟನೇ ಶತಮಾನದಲ್ಲಿ ಜಾರ್ಜ್ ಬೇರ್ ಕಟ್ಟಿದ ಚರ್ಚಿನಲ್ಲಿ ಗುಮ್ಮಟದ ಭಾರ ಕಂಬಗಳ ಮೇಲೆಯೇ ಹೆಚ್ಚು ಬಿದ್ದು ಬಿರುಕುಗಳು ಮೂಡಿದ್ದವು. ಗುಮ್ಮಟದ ಬುಡ ಸದಾ ಹೊರಕ್ಕೆ ಒತ್ತುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಬಿಗಿಯುವಂತೆ, ಈ ಸಲ ಆ ಒತ್ತಡವನ್ನು ಉಕ್ಕಿನ ಬಳೆಯಿಂದ ಬಿಗಿಹಿಡಿದರು.

2005ರ ಅಕ್ಟೋಬರ್ 30ರಂದು ಚರ್ಚು ಮತ್ತೆ ತೆರೆಯಿತು. ಇಂದು ಅದರ ತಿಳಿಬಣ್ಣದ ಗೋಡೆಗಳಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಕಲ್ಲುಗಳು ಹಳೆಯವು. ಕಲ್ಲಿನೊಳಗಿನ ಕಬ್ಬಿಣದ ಅಂಶ, ಗಾಳಿಯ ಮಸಿ ಎರಡೂ ಸೇರಿ ಅವುಗಳಿಗೆ ಆ ಬಣ್ಣ ಬಂದಿದೆ. ಹೊಸ ಕಲ್ಲುಗಳೂ ಕಾಲಕ್ರಮೇಣ ಕಪ್ಪಾಗುತ್ತವೆ.

ಇರಾಕಿನ ಮೊಸೂಲ್‌ನಲ್ಲಿ 2017ರಲ್ಲಿ ಸ್ಫೋಟಿಸಲಾದ ಅಲ್-ಹದ್ಬಾ ಮಿನಾರನ್ನು ಮತ್ತೆ ಕಟ್ಟುವಾಗಲೂ ಅವಶೇಷದಿಂದ ಆರಿಸಿದ ಹಳೆಯ ಇಟ್ಟಿಗೆಗಳನ್ನು ಬಳಸಿದರು. ಯುದ್ಧ ಮುಗಿದೊಡನೆ ಊರನ್ನು ಬೇಗ ಶುಚಿಗೊಳಿಸುವ ಆತುರ ಸಹಜವೇ. ಆದರೆ ಬುಲ್ಡೋಜರ್ ಒಮ್ಮೆ ಹಾದುಹೋದರೆ ಯಾವ ಕಲ್ಲು ಎಲ್ಲಿತ್ತು ಎಂಬ ಮಾಹಿತಿ ಶಾಶ್ವತವಾಗಿ ಅಳಿಯುತ್ತದೆ. ಪಾರಂಪರಿಕ ಕಟ್ಟಡದ ಅವಶೇಷವನ್ನು ಕಸವೆಂದು ಸಾಗಿಸುವ ಮೊದಲು ದಾಖಲಿಸಲೇಬೇಕು. ಮರುನಿರ್ಮಾಣದ ಮೊದಲ ಕೆಲಸ ಅದೇ.